‘ಕಸ್ತೂರಿ ನಿವಾಸ’: ನಾನು ಬರೆದದ್ದು ತಪ್ಪು

ಚಿಕ್ಕವನಿದ್ದಾಗ ಟೆಂಟಿನಲ್ಲಿ ‘ಕಸ್ತೂರಿ ನಿವಾಸ’ವನ್ನು ಕಲರ್‌ನಲ್ಲಿ ನೋಡಿದ್ದೆ, ಎಷ್ಟು ತಳ್ಳಿದರೂ ಎದ್ದು ನಿಲ್ಲುವ ಆ ಗೊಂಬೆಯ ಬಣ್ಣ ಇನ್ನೂ ಕಣ್ಣಿಗೆ ಕಟ್ಟಿದೆ ಅಂತ ವಾಟ್ಸಾಪ್‌ನಲ್ಲಿ ಬರೆದಿದ್ದೆ. ಅದು ತಪ್ಪು. ಈಗ ‘1971ರಲ್ಲೇ ಕಲರ್‌ನಲ್ಲಿ ತೆಗೆದ ಸಿನಿಮಾ’ ಅಂತ ಬಾಲ ಸೇರಿಕೊಂಡು ನನಗೇ ವಾಪಸ್ ಬಂದಿದೆ!

ದೊರೆ-ಭಗವಾನ್ ನಿರ್ದೇಶಿಸಿದ, ರಾಜಕುಮಾರ್ ನಟಿಸಿದ ಆ ಸಿನಿಮಾ ಪೂರ್ತಿ ಕಪ್ಪು-ಬಿಳುಪು. ಬಣ್ಣ ತುಂಬಿದ ಪ್ರತಿ ಥಿಯೇಟರಿಗೆ ಬಂದದ್ದು 2014ರಲ್ಲಿ. ನಾನು ಎರಡನ್ನೂ ನೋಡಿದ್ದೆ, ತಲೆಯಲ್ಲಿ ಕಲಸಿಹೋಗಿತ್ತು. ಮೊನ್ನೆ ಹಳೇ ಪ್ರತಿಯನ್ನೇ ಹಾಕಿಕೊಂಡು ಕೂತಾಗ ಗೊತ್ತಾಯಿತು, ಗೊಂಬೆಯೂ ಬೂದು, ಪಾರಿವಾಳವೂ ಬೂದು. ಅಳು ಮಾತ್ರ ಅಷ್ಟೇ ಬಂತು, ಬಿಡಿ.

ಆ ಮೆಸೇಜ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಇದನ್ನೂ ಅಲ್ಲೇ ಹಾಕಿ.