ಪರ-ವಿರೋಧ: ಕೌಂಟಿ ಹರ್ಲಿಂಗ್ ತಂಡದಲ್ಲಿ ಹೊಸ ಹುಡುಗರಿಗೆ ಮೊದಲ ಮಣೆ ಹಾಕಬೇಕಾ?

ಪರ: ಹತ್ತೊಂಬತ್ತರ ಹುಡುಗನಿಗೆ ನಾಳೆ ಬಾ ಅನ್ನಬೇಡಿ

ಬಾಗಿಲ ಪಕ್ಕ ಛತ್ರಿ ಇಡುವ ಉದ್ದನೆಯ ಡಬ್ಬ ಇರುತ್ತದಲ್ಲ? ಐರ್ಲೆಂಡಿಗೆ ಬಂದ ಹೊಸದರಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಆ ಡಬ್ಬದಲ್ಲಿ ನಾಲ್ಕು ಹರ್ಲಿ ಇಟ್ಟಿದ್ದರು. ಹರ್ಲಿ ಅಂದರೆ ಹರ್ಲಿಂಗ್ ಅನ್ನುವ ಇಲ್ಲಿನ ಮೈದಾನದ ಆಟ ಆಡುವ ಕೋಲು. ಆಶ್ ಮರದ್ದು, ತುದಿ ಅಗಲ, ಸೀಳದಿರಲಿ ಅಂತ ತುದಿಗೆ ತಗಡಿನ ಪಟ್ಟಿ. ನಾಲ್ಕೂ ಅವರ ಮಗನವು. ಮಗ ಮಾತ್ರ ಮನೆಯಲ್ಲಿ ಇರಲಿಲ್ಲ.

ಅವನಿಗೆ 20 ವರ್ಷ ಆದಾಗ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಅದರ ತಂಡದಿಂದ ಕರೆ ಬಂದಿತ್ತಂತೆ. ಯಾವ ಕೌಂಟಿ ಅನ್ನುವುದು ಬೇಡ. ಚಳಿಗಾಲವಿಡೀ ವಾರಕ್ಕೆ ನಾಲ್ಕು ರಾತ್ರಿ ಕೆಸರಿನಲ್ಲಿ ಪ್ರಾಕ್ಟೀಸ್. ಕಾಲೇಜಿಗೆ ಮೊದಲು, ಕತ್ತಲಿರುವಾಗಲೇ ಜಿಮ್. ವಸಂತದ ಲೀಗ್‌ನಲ್ಲಿ ಎರಡು ಪಂದ್ಯಕ್ಕೆ ಕೊನೆಯ ಹತ್ತು ನಿಮಿಷ ಇಳಿಸಿದರು. ಬೇಸಿಗೆಯ ಚಾಂಪಿಯನ್‌ಶಿಪ್ ಬಂತು, ಒಂದು ನಿಮಿಷವೂ ಸಿಗಲಿಲ್ಲ. ಅವನ ಜಾಗದಲ್ಲಿ ತೊಡೆಯ ನೋವು ಪೂರ್ತಿ ವಾಸಿಯಾಗದ 33ರ ಆಟಗಾರ ಕುಂಟುತ್ತಲೇ ಆಡಿದ. ಎರಡನೇ ವರ್ಷವೂ ಅದೇ ಕಥೆ. ಕೇಳಿದಾಗಲೆಲ್ಲ "ನಿನ್ನ ಕಾಲ ಬರುತ್ತೆ" ಅನ್ನುವ ಉತ್ತರ. ಮೂರನೇ ಜನವರಿಗೆ ಅವನು ಸಿಡ್ನಿಗೆ ವಿಮಾನ ಹತ್ತಿದ. ಹರ್ಲಿಗಳು ಡಬ್ಬ ಸೇರಿದವು.

ನಾವು ಆ ಮನೆ ಬಿಡುವ ದಿನ ಆ ತಾಯಿ ನನ್ನ ಮಗನನ್ನು ಕರೆದು ಒಂದು ಹರ್ಲಿ ಕೊಟ್ಟರು. ಹಿಡಿಯ ಟೇಪು ಬೆವರಿಗೆ ಕಪ್ಪಾಗಿತ್ತು. ಮಾರ್ಕರ್‌ನಲ್ಲಿ ಬರೆದ ಹೆಸರು ಅರ್ಧ ಅಳಿಸಿತ್ತು. 35 ಇಂಚಿನದು, ನನ್ನ ಮಗನಿಗೆ ಆಗ ಆರು ವರ್ಷ. "ಇದನ್ನ ಸುಮ್ನೆ ಇಡಬೇಡಪ್ಪ, ಆಡು" ಅಂದರು. ನನಗೆ ಗಂಟಲು ಕಟ್ಟಿತು.

ಹರ್ಲಿಂಗ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದು ಕಡೆಗೆ 15 ಜನ, 70 ನಿಮಿಷದ ಆಟ. ಚೆಂಡು ಬಲೆಗೆ ಹೋದರೆ 3 ಪಾಯಿಂಟ್, ಅಡ್ಡಪಟ್ಟಿಯ ಮೇಲಿಂದ ಹೋದರೆ 1. ಕೌಂಟಿಗೆ ಆಡುವವರಿಗೆ ಸಂಬಳ ಇಲ್ಲ. ಟೀಚರು, ರೈತರು, ವಿದ್ಯಾರ್ಥಿಗಳು ಹಗಲು ಅವರವರ ಕೆಲಸ ಮಾಡಿ ಸಂಜೆ ಮೈದಾನಕ್ಕೆ ಬರುತ್ತಾರೆ. ಮುಖ್ಯವಾದ ಮಾತು ಇನ್ನೊಂದಿದೆ. ಫುಟ್‌ಬಾಲ್ ಕ್ಲಬ್ಬಿನ ಹಾಗೆ ದುಡ್ಡು ಕೊಟ್ಟು ಹೊರಗಿನವರನ್ನು ತರುವ ಹಾಗಿಲ್ಲ. ನಿಮ್ಮ ಹೊಲದಲ್ಲಿ ಬೆಳೆದದ್ದೇ ನಿಮ್ಮ ಊಟ. ಪೈರು ಬಂದಾಗ ಕೊಯ್ಯದೆ ಕಣಜದಲ್ಲಿರುವುದನ್ನೇ ಉಣ್ಣುತ್ತಾ ಕೂತರೆ ಎಷ್ಟು ದಿನ ನಡೆಯುತ್ತದೆ?

ಈಗ ನಾವಿರುವುದು ಟಿಪರೇರಿ ಕೌಂಟಿಯ ಥರ್ಲ್ಸ್‌ನಲ್ಲಿ. ಈ ಆಟವನ್ನು ನಡೆಸುವ ಜಿ.ಎ.ಎ. ಸಂಸ್ಥೆ 1884ರಲ್ಲಿ ಹುಟ್ಟಿದ ಊರು. 2024ರಲ್ಲಿ ನಮ್ಮ ಟಿಪರೇರಿ ಮನ್‌ಸ್ಟರ್ ಪ್ರಾಂತ್ಯದ ಸುತ್ತಿನಲ್ಲಿ ಒಂದೂ ಪಂದ್ಯ ಗೆಲ್ಲದೆ ಕೊನೆಯ ಸ್ಥಾನಕ್ಕೆ ಇಳಿದಿತ್ತು. ಊರಿನಲ್ಲಿ ಆಟದ ಮಾತೆತ್ತಲೂ ಜನರಿಗೆ ಮನಸ್ಸಿರಲಿಲ್ಲ. ಮ್ಯಾನೇಜರ್ ಲಿಯಮ್ ಕಾಹಿಲ್ ಮಾರನೇ ವರ್ಷ ಅಂಡರ್-20 ಹುಡುಗರನ್ನು ಸೀನಿಯರ್ ತಂಡಕ್ಕೆ ತಂದರು. ಅವರಲ್ಲಿ ಡಾರಾ ಮೆಕಾರ್ಥಿಗೆ 19 ವರ್ಷ. 2025ರ ಜುಲೈ 20ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಕಾರ್ಕ್ ಕೌಂಟಿ ವಿರುದ್ಧ ಆಲ್-ಐರ್ಲೆಂಡ್, ಅಂದರೆ ಇಡೀ ಐರ್ಲೆಂಡಿನ ಚಾಂಪಿಯನ್‌ಶಿಪ್‌ನ ಫೈನಲ್. ಅರ್ಧ ಆಟಕ್ಕೆ ನಾವು 6 ಪಾಯಿಂಟ್ ಹಿಂದೆ. ಮುಗಿಯುವಾಗ ಟಿಪರೇರಿ 3-27, ಕಾರ್ಕ್ 1-18. ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್; ಕೂಡಿದರೆ 36ಕ್ಕೆ 21, ಅಂದರೆ 15 ಪಾಯಿಂಟ್ ಗೆಲುವು. ಆ ಹುಡುಗನೊಬ್ಬನದೇ 1 ಗೋಲು, 13 ಪಾಯಿಂಟ್! ನಾನು ಇಲ್ಲಿನ ಬೀದಿಯಲ್ಲಿ ಪರಿಚಯವಿಲ್ಲದವರನ್ನು ತಬ್ಬಿಕೊಂಡು ಅತ್ತಿದ್ದೇನೆ.

ಅದೇ ಫೈನಲ್‌ನಲ್ಲಿ 31ರ ಜಾನ್ ಮೆಗ್ರಾ ಎರಡು ಗೋಲು ಹೊಡೆದರಲ್ಲ ಅನ್ನುತ್ತೀರಿ. ಹೊಡೆದರು, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಹಿಂದಿನ ವರ್ಷವೂ ಹಳಬರು ತಂಡದಲ್ಲೇ ಇದ್ದರಲ್ಲ, ಆಗ ಯಾಕೆ ಆಗಲಿಲ್ಲ? ಬದಲಾದದ್ದು ಹುಡುಗರು ಬಂದದ್ದು, ಅಷ್ಟೇ.

ಕ್ಲೇರ್ ಕೌಂಟಿಯನ್ನು ನೋಡಿ. 2013ರ ಫೈನಲ್ ಸಮ ಆಗಿ ಮತ್ತೆ ಆಡಿಸಿದಾಗ 19ರ ಶೇನ್ ಒಡಾನಲ್‌ನನ್ನು ಮೊದಲ ಹದಿನೈದರಲ್ಲಿ ಇಳಿಸಿದರು. ತಾನು ಆಡುತ್ತೇನೆ ಅಂತ ಅವನಿಗೆ ಗೊತ್ತಾದದ್ದೇ ಪಂದ್ಯದ ದಿನ. 3 ಗೋಲು, 3 ಪಾಯಿಂಟ್ ಹೊಡೆದ. ಯೋಚನೆ ಮಾಡಲು, ಹೆದರಲು ಸಮಯವೇ ಸಿಗಲಿಲ್ಲ. ಕಿಲ್ಕೆನಿ ಕೌಂಟಿಯ ಬ್ರಯನ್ ಕೋಡಿ 11 ಸಲ ಆಲ್-ಐರ್ಲೆಂಡ್ ಗೆದ್ದ ಮ್ಯಾನೇಜರ್. ಹೆನ್ರಿ ಶೆಫ್ಲಿನ್‌ನಂಥ ದೊಡ್ಡ ಆಟಗಾರನನ್ನೂ 2014ರಲ್ಲಿ ಬೆಂಚಿನಲ್ಲಿ ಕೂರಿಸಿದರು. ಹೆಸರು ನೋಡಿ ಜಾಗ ಕೊಡಲಿಲ್ಲ. ಅದೇ ಕಿಲ್ಕೆನಿಗೆ 2015ರ ನಂತರ, 2025ರವರೆಗಿನ ಹತ್ತು ವರ್ಷ, ಕಪ್ ಸಿಗಲಿಲ್ಲ. 2025ರಲ್ಲೂ ಫ್ರೀ (ಎದುರಾಳಿಯ ತಪ್ಪಿಗೆ ಸಿಗುವ ಹೊಡೆತ) ಸಿಕ್ಕಿದರೆ ಎಲ್ಲರ ಕಣ್ಣು 37ರ ಟಿ.ಜೆ. ರೀಡ್ ಕಡೆಗೇ ಹೋಗುತ್ತಿತ್ತು. ಅವರ ಕೈಚಳಕದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅವರ ಹಿಂದೆ ಕಾಯುತ್ತಿರುವ ಹುಡುಗ ಎಲ್ಲಿ ಕಲಿಯಬೇಕು? ಬೆಂಚಿನ ಮೇಲೆ ಕೂತು ಕಲಿಯುವ ಆಟ ಅಲ್ಲ ಇದು.

ಹುಡುಗ ತಪ್ಪು ಮಾಡುತ್ತಾನೆ, ಮಾಡಲಿ. ಜಾಗ ಕೊಟ್ಟು ತಪ್ಪು ಮಾಡಿಸಿ. ಇಲ್ಲದಿದ್ದರೆ ಅವನು ಸಿಡ್ನಿಗೆ ಹೋಗುತ್ತಾನೆ, ಒಬ್ಬ ತಾಯಿ ಡಬ್ಬದಲ್ಲಿ ಕೋಲು ಜೋಡಿಸಿಡುತ್ತಾಳೆ.

ನನ್ನ ಮಗನಿಗೆ ಈಗ 11. ಅವನು ಆಡುವುದು 30 ಇಂಚಿನ ಹರ್ಲಿಯಲ್ಲಿ. ಆ 35 ಇಂಚಿನದನ್ನು ವಾರಕ್ಕೊಮ್ಮೆ ಸೊಂಟದ ಪಕ್ಕ ಇಟ್ಟು ಅಳೆದು ನೋಡುತ್ತಾನೆ.

ವಿರೋಧ: ಹಿಂದಿನಿಂದ ಒಂದು ದನಿ ಬೇಕು

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿದೆ. ಆದರೆ ಹೊಸಬರು ಬರಬಾರದು ಅಂತ ನಾನು ಹೇಳಲಾರೆ. ಬರಲೇಬೇಕು. ನನ್ನ ತಕರಾರು "ಮೊದಲ ಮಣೆ" ಅನ್ನುವುದರ ಬಗ್ಗೆ ಮಾತ್ರ. ಹೊಸಬರ ಪರ ಮಾತಾಡುವವರನ್ನು ಕೇಳಿದರೆ, ಮೂವತ್ತು ದಾಟಿದವರೆಲ್ಲ ಇವತ್ತೇ ಹರ್ಲಿ ಗೋಡೆಗೆ ನೇತುಹಾಕಿ ಮನೆಗೆ ಹೋಗಬೇಕು ಅನ್ನಿಸುತ್ತದೆ.

ಅವರು ಕ್ಲೇರ್‌ನ 2013ರ ಹೆಸರು ಹೇಳುತ್ತಾರೆ. ಸರಿ. ಆ ಹುಡುಗರ ತಂಡ ಮತ್ತೆ ಆಲ್-ಐರ್ಲೆಂಡ್ ಗೆದ್ದವರಿಗೆ ಸಿಗುವ ಲಿಯಮ್ ಮೆಕಾರ್ಥಿ ಕಪ್ ಎತ್ತಿದ್ದು ಯಾವಾಗ? 2024ರಲ್ಲಿ, 11 ವರ್ಷದ ಮೇಲೆ. ಆಗ ನಾಯಕ ಟೋನಿ ಕೆಲಿಗೆ 30 ವರ್ಷ. ಜಾನ್ ಕಾನ್ಲನ್‌ಗೆ 35. ಒಡಾನಲ್ ಕೂಡ ಮೂವತ್ತರ ಹತ್ತಿರ, ಆ ವರ್ಷದ ಶ್ರೇಷ್ಠ ಹರ್ಲರ್ ಅವರೇ. ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಯಿತು. ಕ್ಲೇರ್ 3-29, ಕಾರ್ಕ್ 1-34, ಒಂದೇ ಪಾಯಿಂಟ್ ಅಂತರ. ಅಂಥ ಹೊತ್ತಿನಲ್ಲಿ ಕಾಲಿಗಿಂತ ತಲೆ ಜಾಸ್ತಿ ಓಡಬೇಕು.

ಟಿಪರೇರಿಯ ಡಾರಾ ಮೆಕಾರ್ಥಿಯ 1-13 ಬಗ್ಗೆ ಹೇಳುವುದಾದರೆ, ಗೋಲು ಪೆನಾಲ್ಟಿ, ಪಾಯಿಂಟ್‌ಗಳಲ್ಲಿ ಹೆಚ್ಚಿನವು ಫ್ರೀಗಳಿಂದ ಬಂದವು. ಅದೇ ವರ್ಷ ಅವನು ಎರಡು ಸಲ ಕೆಂಪು ಕಾರ್ಡ್ ಪಡೆದಿದ್ದ. ಕಾರ್ಕ್ ವಿರುದ್ಧ ಪಂದ್ಯ ಶುರುವಾಗುವ ಮೊದಲೇ ಒಂದು, ಕಿಲ್ಕೆನಿ ವಿರುದ್ಧ ಸೆಮಿಫೈನಲ್‌ನಲ್ಲಿ ಇನ್ನೊಂದು. ಉಳಿದ 14 ಜನ ಆ ಭಾರ ಹೊರಬೇಕಾಯಿತು. ಅವನು ಫೈನಲ್‌ನಲ್ಲಿ ತಲೆ ಎತ್ತಿ ಆಡಿದ, ಒಪ್ಪುತ್ತೇನೆ. ಅದಕ್ಕೆ ಸುತ್ತ ಹಳಬರಿದ್ದದ್ದೂ ಕಾರಣ ಅಂತ ನನ್ನ ನಂಬಿಕೆ. ಅದೇ ಫೈನಲ್‌ನ ಕೊನೆಯ ಹೊತ್ತಿಗೆ 34ರ ನೋಯೆಲ್ ಮೆಗ್ರಾ ಇಳಿದು ಒಂದು ಪಾಯಿಂಟ್ ಹೊಡೆದರು. 2015ರಲ್ಲಿ ಕ್ಯಾನ್ಸರ್ ಎದುರಿಸಿ ಬಂದವರು. 2010, 2016, 2019, ಆಮೇಲೆ 2025: ನಾಲ್ಕು ಆಲ್-ಐರ್ಲೆಂಡ್ ಪದಕ. ಅವರನ್ನು ನೋಡುತ್ತಾ ಬೆಳೆಯುವ ಹುಡುಗ ಬೇರೆಯೇ ರೀತಿ ಬೆಳೆಯುತ್ತಾನೆ.

ನಾನು ಕಾರ್ಕ್‌ನಲ್ಲಿ ಇರುವವನು. ಆ ಸೋಲಿನ ಮಾರನೇ ದಿನ ಆಫೀಸಿನಲ್ಲಿ ಕೆಲವರು, 37ರ ಪ್ಯಾಟ್ರಿಕ್ ಹೋರ್ಗನ್‌ನನ್ನು ಆಡಿಸಿದ್ದೇ ತಪ್ಪು ಅಂದರು. ದ್ವಿತೀಯಾರ್ಧದಲ್ಲಿ ಇಡೀ ಕಾರ್ಕ್ ಹೊಡೆದದ್ದು 2 ಪಾಯಿಂಟ್. ಅದನ್ನೆಲ್ಲ ಒಬ್ಬನ ವಯಸ್ಸಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಾ? 2008ರಿಂದ ಆಡಿ, 2013, 2021, 2024, 2025ರ ಫೈನಲ್ ಸೋತು, ಒಂದು ಪದಕವಿಲ್ಲದೆ ಅವರು ನಿವೃತ್ತರಾದರು. ನೆನೆದರೆ ಈಗಲೂ ಹೊಟ್ಟೆ ತಿರುಚಿದ ಹಾಗೆ ಆಗುತ್ತದೆ.

ನಾನು ಹಳಬರ ಬೆಲೆ ಕಂಡದ್ದು ದೊಡ್ಡ ಮೈದಾನದಲ್ಲಿ ಅಲ್ಲ. ನಮ್ಮ ಆಫೀಸಿನ ಗೆಳೆಯನೊಬ್ಬನಿಗೆ 38. ಹಳ್ಳಿಯ ಕ್ಲಬ್ಬಿನ ಎರಡನೇ ತಂಡಕ್ಕೆ ಗೋಲ್‌ಕೀಪರ್. ಒಂದು ಭಾನುವಾರ ಬಾರಪ್ಪ ಅಂತ ಕರೆದ. ಜಿಟಿಜಿಟಿ ಮಳೆ. ನಾನು ಅವನ ಗೋಲಿನ ಹಿಂದೆ, ಬಲೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದೆ. ಅವನ ಮುಂದೆ 18ರ ಹುಡುಗ, ಡಿಫೆನ್ಸ್‌ನಲ್ಲಿ ಮೊದಲ ಪಂದ್ಯ. ಹೆಲ್ಮೆಟ್ಟಿನ ಕಂಬಿಯೊಳಗಿಂದ ಅವನ ಉಸಿರು ಹೊಗೆಯ ಹಾಗೆ ಬರುತ್ತಿತ್ತು. ಗೆಳೆಯ ಆಟವಿಡೀ ಬಾಯಿ ಮುಚ್ಚಲಿಲ್ಲ. "ಎಡಕ್ಕೆ ಎರಡು ಹೆಜ್ಜೆ." "ಚೆಂಡು ನೋಡಬೇಡ, ಅವನ ಸೊಂಟ ನೋಡು." "ಬಿಡು, ಅದು ನನ್ನದು." ಒಮ್ಮೆ ಹುಡುಗನ ಕೈಯಿಂದ ಚೆಂಡು ಜಾರಿ ಗೋಲಾಯಿತು. ಹುಡುಗ ತಲೆ ತಗ್ಗಿಸಿ ನಿಂತುಬಿಟ್ಟ. ಗೆಳೆಯ ಬಲೆಯಿಂದ ಚೆಂಡು ಎತ್ತಿಕೊಂಡ, ಜರ್ಸಿಗೆ ಒರೆಸಿದ, ಅವನ ಹತ್ತಿರ ನಡೆದು ಹೋಗಿ ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿ ಏನೋ ಹೇಳಿದ. ಮುಂದಿನ ಚೆಂಡನ್ನು ಬೇಕೆಂದೇ ಅದೇ ಹುಡುಗನ ಕಡೆಗೆ ಹೊಡೆದ.

ಹುಡುಗ ಈ ಸಲ ಬಿಡಲಿಲ್ಲ.

ಏನು ಹೇಳಿದೆ ಅಂತ ಆಮೇಲೆ ಕಾರಿನಲ್ಲಿ ಕೇಳಿದೆ. "ನನ್ನ ಮೊದಲ ಪಂದ್ಯದಲ್ಲಿ ಮೂರು ಬಿಟ್ಟಿದ್ದೆ ಅಂದೆ, ಅಷ್ಟೇ" ಅಂದ.