ನೋಟ್‌ಬುಕ್ ತೆಗೆದರೆ ಬೇರೆ ವೀಸಾ

ಅಮೆರಿಕದಲ್ಲಿ ನಡೆಯುವ ಕನ್ನಡ ಸಮ್ಮೇಳನಕ್ಕೆ ಹೊರಟಿರುವ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಹವ್ಯಾಸಿ ಪತ್ರಕರ್ತ. 'ಹತ್ತು ವರ್ಷದ ಟೂರಿಸ್ಟ್ ವೀಸಾ ಇದೆ. ಹಾಗೆಯೇ ನಾಲ್ಕು ವರದಿ ಕಳಿಸಿದರೆ ಯಾರು ಕೇಳುತ್ತಾರೆ?' ಎಂದ. ಯಾರೂ ಕೇಳದೆ ಇರಬಹುದು. ಕೇಳಿದರೆ ಮಾತ್ರ ಅವನ ಬಳಿ ಉತ್ತರವಿಲ್ಲ.

ಅಲ್ಲಿನ ನಿಯಮ ಹೀಗಿದೆ: ಸಭಿಕನಾಗಿ ಕುಳಿತು, ಭಾಷಣ ಕೇಳಿ, ಹೋಳಿಗೆ ಊಟ ಮುಗಿಸಿ ಬರುವವನಿಗೆ ಗೆಳೆಯನ ಬಳಿ ಇರುವಂಥ ಟೂರಿಸ್ಟ್ ವೀಸಾ, ಅಂದರೆ ಬಿ ವೀಸಾ ಸಾಕು. ಅದೇ ಕುರ್ಚಿಯಲ್ಲಿ ಕುಳಿತವನು ಅದೇ ಭಾಷಣವನ್ನು ಪತ್ರಿಕೆಗೆ ವರದಿ ಮಾಡುವುದಾದರೆ ಪತ್ರಕರ್ತರಿಗೆಂದೇ ಇರುವ ಐ ವೀಸಾ ಬೇಕು. ಅರ್ಜಿ ನಮೂನೆ ಎರಡಕ್ಕೂ ಒಂದೇ, ಅರ್ಜಿ ಶುಲ್ಕವೂ ಒಂದೇ, 185 ಡಾಲರ್. ವ್ಯತ್ಯಾಸ ಇರುವುದು ಜೇಬಿನಿಂದ ನೋಟ್‌ಬುಕ್ ಹೊರಬರುತ್ತದೆಯೇ ಇಲ್ಲವೇ ಎಂಬುದರಲ್ಲಿ. ವೀಸಾ ಇಲ್ಲದೆಯೇ ಅಮೆರಿಕಕ್ಕೆ ಹೋಗಬಲ್ಲ ಬ್ರಿಟನ್, ಜಪಾನ್ ಪ್ರಜೆಗಳೂ ವರದಿಗಾರಿಕೆಗೆ ಹೋಗುವುದಾದರೆ ಈ ವೀಸಾಕ್ಕೆ ಸರತಿಯಲ್ಲಿ ನಿಲ್ಲಬೇಕು.

ನಾನು ಹಲವು ವರ್ಷ ಪತ್ರಿಕೆಯೊಂದರ ವಿದೇಶ ಪುಟ ನೋಡಿಕೊಂಡವನು. ಈ ನಿಯಮಗಳ ಮೇಲೆ ನನಗೆ ಸಿಟ್ಟಿಲ್ಲ. ಕಾಯ್ದೆಯೊಳಗೆ ಅಡಗಿರುವ ಒಂದು ಮಾತಿನ ಮೇಲೆ ಅನುಮಾನವಿದೆ. ಐ ವೀಸಾ ಕೊಡುವುದು 'ಪರಸ್ಪರತೆ'ಯ ಆಧಾರದಲ್ಲಿ ಎಂದು ಅಮೆರಿಕದ ವಲಸೆ ಕಾಯ್ದೆಯೇ ಹೇಳುತ್ತದೆ. ನಮ್ಮವರನ್ನು ನೀವು ಬಿಟ್ಟುಕೊಂಡರೆ ನಿಮ್ಮವರನ್ನು ನಾವು ಬಿಟ್ಟುಕೊಳ್ಳುತ್ತೇವೆ. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಮದುವೆಯ ಮುಯ್ಯಿಯ ಹಾಗೆ ಲೆಕ್ಕ ಬರೆದಿಡಲು ಶುರುಮಾಡಿದರೆ ವರದಿಗಾರ ಮನುಷ್ಯನಾಗಿ ಉಳಿಯುವುದಿಲ್ಲ, ಚಲಾವಣೆಯ ನಾಣ್ಯವಾಗುತ್ತಾನೆ.

2020 ನೆನಪಿಸಿಕೊಳ್ಳಿ. ಫೆಬ್ರುವರಿಯಲ್ಲಿ ಚೀನಾ 'ವಾಲ್ ಸ್ಟ್ರೀಟ್ ಜರ್ನಲ್'ನ ಮೂವರನ್ನು ಹೊರಹಾಕಿತು. ಮಾರ್ಚ್‌ನಲ್ಲಿ ಅಮೆರಿಕ ಚೀನಾದ ಸರ್ಕಾರಿ ಮಾಧ್ಯಮಗಳ ಸಿಬ್ಬಂದಿಯನ್ನು ನೂರಕ್ಕೆ ಇಳಿಸಿತು. ಅದೇ ತಿಂಗಳು ಚೀನಾ ಮೂರು ದೊಡ್ಡ ಅಮೆರಿಕನ್ ಪತ್ರಿಕೆಗಳ ವರದಿಗಾರರ ಗುರುತಿನ ಚೀಟಿ ಕಿತ್ತುಕೊಂಡಿತು. ಮೇ ತಿಂಗಳಲ್ಲಿ ಅಮೆರಿಕ ಚೀನೀ ಪತ್ರಕರ್ತರ ವಾಸದ ಅವಧಿಯನ್ನು 90 ದಿನಕ್ಕೆ ಕತ್ತರಿಸಿತು. ಯಾರು ಏನು ಬರೆದಿದ್ದರು ಎಂಬ ಪ್ರಶ್ನೆ ಅಷ್ಟರಲ್ಲಿ ಎಲ್ಲಿಯೋ ಬಿದ್ದುಹೋಗಿತ್ತು. ಅದೂ ವುಹಾನ್‌ನಿಂದ ಸುದ್ದಿ ಬೇಕೇ ಬೇಕಾಗಿದ್ದ ಹೊತ್ತಿನಲ್ಲಿ!

ನಮ್ಮ ಸರದಿ ಬಂದದ್ದು 2023ರಲ್ಲಿ. ಆ ವರ್ಷದ ಆರಂಭದಲ್ಲಿ ಇಡೀ ಚೀನಾಕ್ಕೆ ಭಾರತದ ಪತ್ರಕರ್ತರು ಇದ್ದದ್ದೇ ನಾಲ್ವರು. ಏಪ್ರಿಲ್‌ನಲ್ಲಿ ಚೀನಾ ಇಬ್ಬರ ವೀಸಾ ತಡೆಹಿಡಿಯಿತು. ಜೂನ್‌ನಲ್ಲಿ ಕೊನೆಯವರಾದ ಸುದ್ದಿಸಂಸ್ಥೆ ಪಿಟಿಐ ಪ್ರತಿನಿಧಿಗೂ ಹೊರಡಲು ಹೇಳಿತು. ನೀವು ನಮ್ಮವರಿಗೆ ಮೂರು ತಿಂಗಳು, ಒಂದೇ ತಿಂಗಳು ಎಂದು ವೀಸಾ ಕೊಡುತ್ತಿದ್ದಿರಿ, ನವೀಕರಣವನ್ನೂ ಮಾಡಲಿಲ್ಲ ಎಂಬುದು ಚೀನಾದ ವಾದವಾಗಿತ್ತು. ಕನ್ನಡ ಪತ್ರಿಕೆಗಳು ಬೀಜಿಂಗ್‌ಗೆ ತಮ್ಮ ವರದಿಗಾರರನ್ನು ಕಳಿಸುವ ಸ್ಥಿತಿಯಲ್ಲಿ ಎಂದೂ ಇರಲಿಲ್ಲ. ಪುಟ ಕಟ್ಟುವಾಗ 'ಬೀಜಿಂಗ್ (ಪಿಟಿಐ):' ಎಂದು ಹಾಕುತ್ತಿದ್ದ ಡೇಟ್‌ಲೈನ್‌ನ ಹಿಂದೆ ಆ ಊರಿನಲ್ಲಿ ಮನೆ ಮಾಡಿ, ತರಕಾರಿ ಕೊಂಡು, ಟ್ಯಾಕ್ಸಿಯವನ ಮಾತು ಕೇಳಿಸಿಕೊಂಡ ಒಬ್ಬ ಭಾರತೀಯ ಇರುತ್ತಿದ್ದ. ಗಡಿಯಲ್ಲಿ ಸೈನ್ಯ ಎದುರುಬದುರು ನಿಂತಿದ್ದಾಗ ಆ ಕಡೆಯ ಸುದ್ದಿ ಪಾಶ್ಚಾತ್ಯ ಸಂಸ್ಥೆಗಳ ಮೂಲಕ ಸುತ್ತು ಬಳಸಿ ಬರುವುದು ಯಾರಿಗೆ ಒಳ್ಳೆಯದು?

ಇದರಲ್ಲಿ ಮಡಿವಂತರು ಯಾರೂ ಇಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿದ್ದ ಫ್ರೆಂಚ್ ಪತ್ರಕರ್ತೆ ವನೆಸಾ ದೊನ್ಯಾಕ್ 2024ರ ಫೆಬ್ರುವರಿಯಲ್ಲಿ ಭಾರತ ಬಿಡಬೇಕಾಯಿತು. ಅವರು, ಭಾರತ ಮೂಲದ ವಿದೇಶಿ ಪ್ರಜೆಗಳಿಗೂ ಭಾರತೀಯರ ವಿದೇಶಿ ಸಂಗಾತಿಗಳಿಗೂ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಹೊಂದಿದ್ದವರು. ಆ ಕಾರ್ಡ್ ಇದ್ದರೂ ಪತ್ರಿಕೋದ್ಯಮಕ್ಕೆ ಪ್ರತ್ಯೇಕ ಅನುಮತಿ ಬೇಕೆಂಬುದನ್ನು 2021ರ ಅಧಿಸೂಚನೆ ಸ್ಪಷ್ಟಪಡಿಸಿದೆ. ವಿದೇಶಿ ಪಾಸ್‌ಪೋರ್ಟ್ ಪಡೆದು, ಊರಿಗೆ ಬಂದು ಏನಾದರೂ ಬರೆಯೋಣ ಎಂದುಕೊಳ್ಳುವ ಅನಿವಾಸಿ ಕನ್ನಡಿಗರು ಇದನ್ನು ಗಮನಿಸಬೇಕು.

ಹೊರಹಾಕುವುದಕ್ಕಿಂತ ಸದ್ದಿಲ್ಲದ ಉಪಾಯ ಅವಧಿ ಕಡಿತ. ಐ ವೀಸಾದವರ ಪ್ರವೇಶ ದಾಖಲೆಯಲ್ಲಿ ದಿನಾಂಕದ ಜಾಗದಲ್ಲಿ 'ಡಿ/ಎಸ್' ಎಂದು ಬರೆಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿತ್ತು. ಬಂದ ಕೆಲಸ ನಡೆಯುವಷ್ಟು ಕಾಲ ಇರಬಹುದು ಎಂದು ಅದರ ಅರ್ಥ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಅದನ್ನು ತೆಗೆದು 240 ದಿನಗಳ ಮಿತಿ ಹಾಕುವ ಪ್ರಸ್ತಾವ ತಂದಿತು. ಚೀನಾದವರಿಗೆ 90 ದಿನ. ಬಾಡಿಗೆ ಕರಾರು ವರ್ಷದ್ದು, ಮಗುವಿನ ಶಾಲೆ ವರ್ಷದ್ದು, ಇರುವ ಅನುಮತಿ ಮಾತ್ರ ಎಂಟು ತಿಂಗಳದ್ದು. ಏಳನೆಯ ತಿಂಗಳಲ್ಲಿ ಶ್ವೇತಭವನಕ್ಕೆ ಕಸಿವಿಸಿಯಾಗುವ ಸುದ್ದಿ ಕೈಗೆ ಸಿಕ್ಕರೆ, ನವೀಕರಣ ಆಗಿಬಿಡಲಿ, ಆಮೇಲೆ ನೋಡೋಣ ಎಂದು ಅನ್ನಿಸದೆ ಇದ್ದೀತೇ? ನನಗಾದರೆ ಖಂಡಿತ ಅನ್ನಿಸುತ್ತಿತ್ತು.

ಗೆಳೆಯನಿಗೆ ಇಷ್ಟೆಲ್ಲ ಹೇಳಲಿಲ್ಲ. ಹವ್ಯಾಸಿಗಳು ಐ ವೀಸಾ ಕೇಳುವಾಗ ಪತ್ರಿಕೆಯೊಂದಿಗಿನ ಒಪ್ಪಂದ ತೋರಿಸಬೇಕು, ಅದನ್ನು ಮಾಡಿಸಿಕೋ ಎಂದೆ. ಅವನು ನಕ್ಕ. ಹದಿನೈದು ವರ್ಷದಿಂದ ಬರೆಯುತ್ತಿರುವ ಪತ್ರಿಕೆಯಿಂದ ಅವನ ಬಳಿ ಒಂದು ಸಾಲಿನ ಕಾಗದವೂ ಇಲ್ಲ. ನಿನ್ನೆ ಸಂಪಾದಕರನ್ನು ಕೇಳಿದನಂತೆ. 'ನೋಡೋಣ' ಎಂದರಂತೆ. ಸಮ್ಮೇಳನಕ್ಕೆ ಇನ್ನು ಏಳು ವಾರ ಇದೆ.