ಹಳೇ ಕಾರು, ಎರಡು ಊರಿನ ಗ್ಯಾರೇಜು

ಕಳೆದ ನವೆಂಬರಿನಲ್ಲಿ ಒಂದು ಸಂಜೆ ಆಫೀಸಿನಿಂದ ಬರುವಾಗ ನನ್ನ ಕಾರಿನ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ಗಾಡಿ 2009ರದ್ದು. ನಾನಿರುವುದು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ. ಹೆಡ್‌ಲೈಟು ಮಂಕಾಗುತ್ತಾ ಬಂತು, ವೈಪರ್ ನಿಧಾನ ಆಯಿತು, ಹೇಗೋ ಮನೆ ಮುಟ್ಟಿದೆ. ಬೆಳಗ್ಗೆ ಗ್ಯಾರೇಜಿನವನು ಮೀಟರ್ ಹಿಡಿದು ನೋಡಿ ಆಲ್ಟರ್ನೇಟರ್ ಹೋಗಿದೆ, ಬದಲಿಸಬೇಕು ಎಂದ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಮಾನು ಅದು, ನಮ್ಮೂರಲ್ಲಿ ಡೈನಮೋ ಎನ್ನುತ್ತಾರೆ.

"ಬಿಚ್ಚಿ ನೋಡಬಹುದಲ್ವಾ, ಬ್ರಷ್ ಮಾತ್ರ ಸವೆದಿರಬಹುದು" ಎಂದು ಕೇಳಿದೆ. ಬ್ರಷ್ ಅಂದರೆ ಅದರೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು. ಅವನು ಒಳ್ಳೆಯ ಮನುಷ್ಯ, ಬೇಸರ ಮಾಡಿಕೊಳ್ಳದೆ ಲೆಕ್ಕ ಹೇಳಿದ. ಅವನ ಒಂದು ಗಂಟೆಗೆ 70 ಪೌಂಡ್. ಬಿಚ್ಚಿ, ಒಳಗೆ ಏನಾಗಿದೆ ಎಂದು ಹುಡುಕಿ, ಮತ್ತೆ ಜೋಡಿಸುವಷ್ಟರಲ್ಲಿ ಸಾಮಾನಿನ ಬೆಲೆಯನ್ನೇ ಮೀರುತ್ತದೆ. ಆಮೇಲೆ ಅದು ಆರು ತಿಂಗಳಿಗೆ ಕೈಕೊಟ್ಟರೆ ಜವಾಬ್ದಾರಿ ಅವನದು. ಹಾಗಾಗಿ ರಿಪೇರಿ ಮಾಡಿ ಬಂದ ಇನ್ನೊಂದು ಆಲ್ಟರ್ನೇಟರ್‌ಗೆ 180, ಒಂದೂವರೆ ಗಂಟೆ ಕೆಲಸಕ್ಕೆ 105, ಎಲ್ಲದರ ಮೇಲೆ 20 ಪರ್ಸೆಂಟ್ ವ್ಯಾಟ್. ಒಟ್ಟು 342 ಪೌಂಡ್. ನಮ್ಮ ದುಡ್ಡಲ್ಲಿ 35 ಸಾವಿರಕ್ಕೂ ಮೇಲೆ. ಗಮನಿಸಿ, ಅದು ಹೊಸ ಸಾಮಾನೂ ಅಲ್ಲ. ನನ್ನಂಥವರು ಕೊಟ್ಟುಹೋದ ಹಳೆಯದನ್ನು ಯಾವುದೋ ಕಾರ್ಖಾನೆಯಲ್ಲಿ ಬಿಚ್ಚಿ, ಬೇರಿಂಗ್, ಬ್ರಷ್ ಹಾಕಿ ಕಳಿಸಿದ್ದು. ಅಂದರೆ ಈ ದೇಶದಲ್ಲೂ ರಿಪೇರಿ ಇದೆ, ನಮ್ಮ ಕಣ್ಣೆದುರು ನಡೆಯುವುದಿಲ್ಲ ಅಷ್ಟೆ.

ಇದೇ ರೋಗ 2019ರಲ್ಲಿ ಶಿವಮೊಗ್ಗದಲ್ಲಿ ಅಪ್ಪನ ಕಾರಿಗೆ ಬಂದಿತ್ತು. ಅದು 1998ರ ಗಾಡಿ, ಕಾರ್ಬುರೇಟರ್ ಕಾಲದ್ದು. ನಾನು ರಜೆಗೆ ಹೋಗಿದ್ದೆ. ಆಟೋ ಎಲೆಕ್ಟ್ರಿಷಿಯನ್ ಅಂಗಡಿ ಹತ್ತಡಿ ಅಗಲ ಇರಬಹುದು. ಅವರು ಡೈನಮೋ ಬಿಚ್ಚಿ ತಂದು ಕಲ್ಲಿನ ಮೇಲಿಟ್ಟು, ನಾಲ್ಕು ಬೋಲ್ಟ್ ತೆಗೆದು, ಒಳಗಿಂದ ಒಂದು ಕರೀ ಚೂರನ್ನು ನನ್ನ ಅಂಗೈ ಮೇಲೆ ಇಟ್ಟರು. ಕಡಲೆಕಾಳಿನಷ್ಟಿತ್ತು. ಪಕ್ಕದಲ್ಲೇ ಹೊಸ ಕಾರ್ಬನ್ ಬ್ರಷ್ ಇಟ್ಟರು. ಅದು ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. "ನೋಡಿ ಸಾರ್, ಇಷ್ಟು ಸವೆದಿದೆ. ಡೈನಮೋ ಚೆನ್ನಾಗಿದೆ, ಅದನ್ನ ಯಾಕೆ ಎಸೀತೀರಿ?" ಬ್ರಷ್, ಎರಡು ಬೇರಿಂಗ್, ಕೂಲಿ ಸೇರಿ 1,400 ರೂಪಾಯಿ. ಇವತ್ತಿಗೂ ಅದೇ ಡೈನಮೋ ಓಡುತ್ತಿದೆ.

ಆ ಕರೀ ಚೂರನ್ನು ನಾನು ಮರೆತಿಲ್ಲ. ಹಳೇ ಗಾಡಿ ಇಟ್ಟುಕೊಂಡವರಿಗೆ ದುಡ್ಡು ಹೋಗುವುದಕ್ಕಿಂತ ಜಾಸ್ತಿ ಕಾಡುವುದು ಏನು ಕೆಟ್ಟಿದೆ ಎಂದು ತಿಳಿಯದೆ ಇರುವುದು. ಏನು ಕೆಟ್ಟಿದೆ ಎಂದು ಕೈಯಲ್ಲಿಟ್ಟು ತೋರಿಸುವ ಮನುಷ್ಯ ಸಿಕ್ಕರೆ ಅರ್ಧ ಸಂಕಟ ಅಲ್ಲೇ ಕಮ್ಮಿ. ಕೋವೆಂಟ್ರಿಯೇನು ಸಾಮಾನ್ಯ ಊರಲ್ಲ, ಇಂಗ್ಲೆಂಡಿನ ಕಾರುಗಳ ತವರು. ನಮ್ಮ ಅಜ್ಜಂದಿರ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾಗುತ್ತಿತ್ತಲ್ಲ, ಅದರ ಮೂಲ ಇಲ್ಲಿನ ಟ್ರಯಂಫ್ ಹೆರಾಲ್ಡ್. ಅಂಥ ಊರಿನಲ್ಲಿ ಒಂದು ಡೈನಮೋ ಬಿಚ್ಚುವವರು ನನಗೆ ಸಿಗಲಿಲ್ಲ ಎನ್ನುವುದು ನಿಜವಾಗಿಯೂ ಬೇಜಾರಿನ ಸಂಗತಿ.

ಆದರೆ ಇಲ್ಲಿ ಒಂದು ವಿಷಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎಂಓಟಿ ಅಂತ ಒಂದು ಪರೀಕ್ಷೆ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಮಾಡಿಸಲೇಬೇಕು. ಕಾರಿಗೆ 54.85 ಪೌಂಡಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಬ್ರೇಕು, ಟೈರು, ಲೈಟು, ಹೊಗೆ, ಕೆಳಗಿನ ತುಕ್ಕು ಎಲ್ಲ ನೋಡುತ್ತಾರೆ. ಪಾಸಾದರೂ, ಮುಂದೆ ತೊಂದರೆ ಕೊಡಬಹುದಾದದ್ದನ್ನು ಹಾಳೆಯಲ್ಲಿ ಬರೆದು ಕೊಡುತ್ತಾರೆ. ಮೇಲಾಗಿ ಅದು ಸರ್ಕಾರದ ಜಾಲತಾಣದಲ್ಲಿ ಉಳಿಯುತ್ತದೆ. ನಂಬರ್ ಪ್ಲೇಟ್ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ನನ್ನ ಕಾರಿನದ್ದೇ ನೋಡಿ. 2021ರ ಹಾಳೆಯಲ್ಲಿ ಎಡಗಡೆ ಬಾಗಿಲ ಕೆಳಗಿನ ಪಟ್ಟಿಗೆ ಸ್ವಲ್ಪ ತುಕ್ಕು ಎಂದಿದೆ. 2022ರಲ್ಲಿ ತುಕ್ಕು ಹೆಚ್ಚಾಗಿದೆ ಎಂದಿದೆ. 2023ರಲ್ಲಿ ಫೇಲ್. ಕಾರನ್ನು ಎತ್ತಿ ನಿಲ್ಲಿಸಿ ನನ್ನನ್ನು ಕೆಳಗೆ ಕರೆದು ತೋರಿಸಿದರು, ಮುಟ್ಟಿದರೆ ಹಪ್ಪಳದ ಹಾಗೆ ಚೂರು ಚೂರಾಗಿ ಉದುರುತ್ತಿತ್ತು. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಎಂದು ಇಲ್ಲಿ ಉಪ್ಪು ಎರಚುತ್ತಾರೆ, ಆ ಉಪ್ಪುನೀರು ಕೆಳಗೆ ಕೂತು ಕಬ್ಬಿಣ ತಿನ್ನುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಅವರ ಗಾಡಿಗೆ ಕಡಲ ಗಾಳಿ ಇದನ್ನೇ ಮಾಡುತ್ತದೆ. ವೆಲ್ಡಿಂಗಿಗೆ 320 ಪೌಂಡ್ ಕೊಟ್ಟೆ. ಹೊಟ್ಟೆ ಉರಿಯಿತು ನಿಜ, ಆದರೆ ಮೋಸ ಅನ್ನಿಸಲಿಲ್ಲ. ಎರಡು ವರ್ಷ ಮುಂಚೆಯೇ ಹೇಳಿದ್ದರು, ಕೇಳದೆ ಬಿಟ್ಟಿದ್ದು ನಾನು.

ಊರಿನಲ್ಲಿ ಈ ಹಾಳೆ ಇಲ್ಲ. ಸ್ವಂತ ಕಾರಿಗೆ ಮೊದಲ 15 ವರ್ಷ ಹೊಗೆ ತಪಾಸಣೆ ಬಿಟ್ಟರೆ ಕಡ್ಡಾಯವಾಗಿ ಯಾರೂ ಏನೂ ನೋಡುವುದಿಲ್ಲ. 15 ತುಂಬಿದ ಮೇಲೆ ಆರ್‌ಟಿಓಗೆ ಹೋಗಿ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್. ಇದರ ಶುಲ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲಿನಿಂದ 5,000 ಆಯಿತು. ಅಪ್ಪ 2023ರಲ್ಲಿ ಅದನ್ನು ಕಟ್ಟಿದರು, ಜೊತೆಗೆ ಹಸಿರು ತೆರಿಗೆ ಬೇರೆ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮೊತ್ತ ಅಲ್ಲ. ಹಳೇ ಗಾಡಿ ರಸ್ತೆಗೆ ಬರಬಾರದು ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ಶುಲ್ಕ ಏರಿಸಿದ ಮಾತ್ರಕ್ಕೆ ಬ್ರೇಕ್ ಹಿಡಿಯುತ್ತದಾ? ದುಡ್ಡಿದ್ದವರು ಕಟ್ಟಿ ಓಡಿಸುತ್ತಾರೆ, ಇಲ್ಲದವರು ಮಾರುತ್ತಾರೆ ಅಥವಾ ಕಟ್ಟದೆಯೇ ಓಡಿಸುತ್ತಾರೆ. ಇಲ್ಲಿ ಗಾಡಿಯ ವಯಸ್ಸನ್ನು ಕೇಳುವುದಿಲ್ಲ, ಗಾಡಿ ಹೇಗಿದೆ ಎಂದು ಕೇಳುತ್ತಾರೆ. 20 ವರ್ಷದ್ದಾದರೂ ಪಾಸಾದರೆ ಓಡಿಸು. ನಾಲ್ಕು ವರ್ಷದ್ದಾದರೂ ಟೈರು ಸವೆದಿದ್ದರೆ ಫೇಲ್. ನಮ್ಮಲ್ಲೂ ಹೀಗೆ ಆಗಬೇಕು, ಅದೂ 15 ವರ್ಷ ಕಾಯದೆ, ಎಲ್ಲ ಕಾರಿಗೂ.

ಹಾಗಂತ ಎಲ್ಲ ಇಲ್ಲಿಯ ಹಾಗೆಯೇ ಆಗಲಿ ಎನ್ನುತ್ತಿಲ್ಲ. ಇಲ್ಲಿ ಎಷ್ಟೋ ಕಾರು ಗುಜರಿಗೆ ಹೋಗುವುದು ಕೆಟ್ಟು ಹೋಗಿದ್ದಕ್ಕಲ್ಲ, ರಿಪೇರಿ ಕೂಲಿ ಕಾರಿನ ಬೆಲೆಗಿಂತ ಜಾಸ್ತಿ ಆಗಿದ್ದಕ್ಕೆ. ಒಳ್ಳೆಯ ಇಂಜಿನ್ ಇದ್ದ ಗೆಳೆಯನ ಕಾರು ಕ್ಲಚ್ ಒಂದರ ಖರ್ಚು ಕೇಳಿಯೇ ಗುಜರಿ ಸೇರಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದವರಿಗೆ ಗೊತ್ತು, ಮಾರುತಿ 800 ತಯಾರಿಕೆ 2014ರಲ್ಲೇ ನಿಂತರೂ ಅದರ ಸಾಮಾನು ಕೇಳಿದರೆ ಇಲ್ಲ ಎನ್ನುವವರು ಕಮ್ಮಿ. ಆ ಸಾಮಾನು ಹಾಕುವ ಕೈಗಳೂ ನಮ್ಮಲ್ಲಿವೆ. ಆದರೆ ಎಷ್ಟು ದಿನ? ಅಪ್ಪನ ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ಮೂರು ಹುಡುಗರು ಕೆಲಸ ಕಲಿಯುತ್ತಿದ್ದರು. ಈಗ ಒಬ್ಬನೇ. ಹೊಸ ಗಾಡಿಗಳು ಸ್ಕ್ಯಾನರ್ ಇಲ್ಲದೆ ಮಾತೇ ಆಡುವುದಿಲ್ಲ, ಕಂಪನಿ ಸರ್ವಿಸ್ ಸೆಂಟರ್‌ಗಳು ನಮ್ಮಲ್ಲೂ ಬಿಚ್ಚುವುದು ಬಿಟ್ಟು ಬದಲಿಸುವುದಕ್ಕೆ ಇಳಿದಿವೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಬಿಚ್ಚಿ ನೋಡುವ ಕೈ ಒಮ್ಮೆ ಹೋದರೆ ಏನಾಗುತ್ತದೆ ಎಂದು ಇಲ್ಲಿ ದುಡ್ಡು ಕೊಟ್ಟು ಕಲಿತಿದ್ದೇನೆ.

ಹೋದ ರಜೆಯಲ್ಲಿ ಒಂದು ಕೆಲಸ ಮಾಡಿದೆ. ನೂರು ಪುಟದ ಒಂದು ನೋಟ್‌ಬುಕ್ ತಂದು ಅಪ್ಪನ ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟೆ. ಗಾಡಿ ಮುಟ್ಟಿದಾಗೆಲ್ಲ ತಾರೀಖು, ಕಿಲೋಮೀಟರ್, ಏನು ಹಾಕಿದಿರಿ, ಏನು ಕಂಡಿತು, ಎಲ್ಲ ಬರೆದುಬಿಡಿ ಎಂದು ಮೆಕ್ಯಾನಿಕ್ ಹತ್ತಿರ ಕೇಳಿಕೊಂಡೆ. ಅವರು ಕೈ ಒರೆಸಿಕೊಂಡು, "ನನ್ನ ಅಕ್ಷರ ಚೆನ್ನಾಗಿಲ್ಲ, ಮಗಳ ಹತ್ರ ಬರೆಸ್ತೀನಿ" ಎಂದರು.

ಮೊನ್ನೆ ಫೋನಿನಲ್ಲಿ ಅಪ್ಪ ಅದನ್ನು ಓದಿ ಹೇಳಿದರು. ಕ್ಲಚ್ ಕೇಬಲ್ ಹೊಸದು, 480 ರೂಪಾಯಿ. ಹಿಂದಿನ ಬ್ರೇಕ್ ಕ್ಲೀನ್ ಮಾಡಿದೆ, ಇನ್ನೂ ಒಂದು ವರ್ಷ ಬರುತ್ತದೆ. ಬಲಗಡೆ ಬಾಗಿಲ ಕೆಳಗೆ ತುಕ್ಕು ಶುರುವಾಗಿದೆ, ಮಳೆಗಾಲಕ್ಕೆ ಮುಂಚೆ ನೋಡಬೇಕು.